ಪೊರಕೆ ಕಟ್ಟಿದ ಗಾಡಿ

ಎಲ್ಲಕ್ಕೂ ಕಾರಣ ಒಂದು ಫೋಟೋ. ಅದನ್ನು ಊರಿಗೆ ಕಳಿಸುವ ದುರ್ಬುದ್ಧಿ ತನಗೆ ಯಾಕಾದರೂ ಬಂತೋ ಎಂದು ಸಾರಕ್ಕಿಯ ಚಿಕ್ಕಬೈರಪ್ಪ ಆ ಭಾನುವಾರ ಎದ್ದಾಗಿನಿಂದ ತನ್ನನ್ನೇ ಬೈದುಕೊಳ್ಳುತ್ತಿದ್ದ. ತನ್ನನ್ನು ಬೈದು ಸಾಕಾದಾಗ ಊರನ್ನು ಬೈಯುತ್ತಿದ್ದ.

ಫೋಟೋದಲ್ಲಿ ಇದ್ದದ್ದು ಇಷ್ಟೇ. ಬೆಲ್ಜಿಯಂ ದೇಶದ ಕಲ್ಲುಹಾಸಿನ ರಸ್ತೆ, ಜಡಿಮಳೆ, ಸೈಕಲ್ಲಿನ ಮೇಲೆ ಬಾಗಿ ತುಳಿಯುತ್ತಿರುವ ಚಿಕ್ಕಬೈರಪ್ಪ, ಅವನ ಬೆನ್ನಿಗೇ ಒಂದು ವ್ಯಾನು, ವ್ಯಾನಿನ ಮೂತಿಗೆ ಕಟ್ಟಿದ ಒಂದು ಪೊರಕೆ. ಅತ್ತ ಇತ್ತ ಒಂದು ನರಪಿಳ್ಳೆಯೂ ಇರಲಿಲ್ಲ.

ಆ ದೇಶದಲ್ಲಿ ಸೈಕಲ್ ರೇಸಿನ ಕಟ್ಟಕಡೆಗೆ ಒಂದು ವ್ಯಾನು ಬರುತ್ತದೆ. ಕೈಲಾಗದೆ ಹಿಂದೆ ಬಿದ್ದವರನ್ನು ಸೈಕಲ್ ಸಮೇತ ಎತ್ತಿ ಒಳಗೆ ಹಾಕಿಕೊಳ್ಳುವುದು ಅದರ ಕೆಲಸ. ಕಸ ಗುಡಿಸುವ ಗಾಡಿ ಎಂದು ಎಲ್ಲರಿಗೂ ಗೊತ್ತಾಗಲಿ ಅಂತ ಮುಂದೆ ಪೊರಕೆ. ಮನೆಮನೆಗೆ ಹಾಲಿನ ಕ್ಯಾನು ಹೊತ್ತು ಸೈಕಲ್ ತುಳಿದು ಕಾಲು ಗಟ್ಟಿ ಮಾಡಿಕೊಂಡ ಚಿಕ್ಕಬೈರಪ್ಪ, ಕನಕಪುರ ರಸ್ತೆಯ ರೇಸಿನಲ್ಲಿ ಎಲ್ಲರನ್ನೂ ಸೋಲಿಸಿ, ಸೈಕಲ್ ಸಂಘದ ಕಡೆಯಿಂದ ಆರು ತಿಂಗಳು ಅಲ್ಲಿಗೆ ಹೋಗಿದ್ದ. ಮೊದಲನೇ ರೇಸಿನಲ್ಲಿ ಊರಿನ ಚರ್ಚು ದಾಟುವ ಮೊದಲೇ ಒಬ್ಬಂಟಿಯಾದ. ಅಲ್ಲಿನ ಹುಡುಗರು ಗಾಳಿಗೆ ಓರೆಯಾಗಿ, ಒಬ್ಬರ ಮರೆಯಲ್ಲೊಬ್ಬರು ಸಾಲುಗಟ್ಟಿ ಮಾಯವಾಗುತ್ತಿದ್ದರು. ಇವನು ಆ ಗಾಳಿಗೆ ಎದೆ ಕೊಟ್ಟು ಕಣ್ಣಲ್ಲಿ ನೀರು ತುಂಬಿಕೊಳ್ಳುತ್ತಿದ್ದ. ಪ್ರತಿ ವಾರ ಪೊರಕೆ ಗಾಡಿಯೇ ಗತಿ. ಕೊನೆಕೊನೆಗೆ ಅದರ ಡ್ರೈವರು ಕಿಟಕಿ ಪಕ್ಕದ ಸೀಟನ್ನು ಇವನಿಗೆಂದೇ ಬಿಡುತ್ತಿದ್ದ. ರಾತ್ರಿ, ತಾನು ಉಳಿದುಕೊಂಡಿದ್ದ ಬೇಕರಿಯ ಮೇಲಿನ ಅಟ್ಟದ ಕೋಣೆಯಲ್ಲಿ ಉಪ್ಪು ಖಾರವಿಲ್ಲದ ಬೇಯಿಸಿದ ಆಲೂಗಡ್ಡೆ ನುಂಗುವಾಗ ಅವನಿಗೆ ಅಳು ಬರುತ್ತಿತ್ತು.

ಕೊನೆಯ ರೇಸಿನ ದಿನ ಹಟ ಹಿಡಿದ. ಸತ್ತರೂ ಆ ಗಾಡಿ ಹತ್ತುವುದಿಲ್ಲ ಅಂದ. ಹತ್ತಲಿಲ್ಲ. ಜನವೆಲ್ಲ ಮನೆಗೆ ಹೋಗಿ, ಮುಕ್ತಾಯದ ಬ್ಯಾನರನ್ನು ಬಿಚ್ಚುತ್ತಿದ್ದ ಹೊತ್ತಿಗೆ ಗೆರೆ ದಾಟಿದ. ಕಟ್ಟಕಡೆಯವನಾಗಿ, ಆದರೆ ತನ್ನ ಕಾಲಿನ ಮೇಲೆ. ಕೊಡೆ ಹಿಡಿದು ಕಾದಿದ್ದ ಬೇಕರಿಯ ಅಜ್ಜಿ ಆಗಲೇ ಆ ಫೋಟೋ ಹೊಡೆದದ್ದು. ಅಲ್ಲಿನ ಕ್ಲಬ್ಬಿನ ಮುದುಕ ಬೆನ್ನು ತಟ್ಟಿ, ಮುಂದಿನ ವರ್ಷ ಬಾ, ಆ ಗಾಡಿ ನಿನ್ನ ಕಣ್ಣಿಗೇ ಬೀಳದ ಹಾಗೆ ಮಾಡುತ್ತೇನೆ ಅಂದಿದ್ದ. ಚಿಕ್ಕಬೈರಪ್ಪನಿಗೆ ಈಗ ಬೇಕಿದ್ದದ್ದು ಅದೊಂದೇ, ಇನ್ನೊಂದು ಸಲ ಅಲ್ಲಿಗೆ ಹೋಗುವುದು.

ಫೋಟೋ ಅವನಿಗಿಂತ ಮೊದಲೇ ಸಾರಕ್ಕಿ ತಲುಪಿತು. ತಾಯಿ ನಾರಾಯಣಮ್ಮ ಅದನ್ನು ಪಕ್ಕದ ಮನೆ ರುದ್ರಮ್ಮನಿಗೆ ತೋರಿಸಿದಳು. ರುದ್ರಮ್ಮ ಬಡಾವಣೆಯ ಸಂಘದ ಅಧ್ಯಕ್ಷ ಗಂಗಾಧರಯ್ಯನವರಿಗೆ ತೋರಿಸಿದಳು. ಗಂಗಾಧರಯ್ಯನವರು ಕನ್ನಡಕ ಏರಿಸಿ, ಮುಂದೆ ಹಿಂದೆ ಯಾರೂ ಕಾಣ್ತಿಲ್ಲ ಅಂದಮೇಲೆ ಹುಡುಗ ಎಷ್ಟು ಮುಂದಿದ್ದಾನೆ ನೀವೇ ಲೆಕ್ಕ ಹಾಕಿ, ಮಂತ್ರಿಗಳಿಗೆ ಕೊಟ್ಟ ಹಾಗೆ ಹಿಂದೆ ಸರ್ಕಾರಿ ಗಾಡಿ ಬೇರೆ ಕೊಟ್ಟಿದ್ದಾರೆ ಎಂದು ತೀರ್ಪು ಕೊಟ್ಟುಬಿಟ್ಟರು.

ಹೀಗಾಗಿ ಆ ಭಾನುವಾರ ಸಂಜೆ ಸನ್ಮಾನ. ಬೆಳಗ್ಗೆಯೇ ಆಟೋದಲ್ಲಿ ಮೈಕು ಕಟ್ಟಿಕೊಂಡು ಜೆ.ಪಿ. ನಗರದ ಬೀದಿಬೀದಿಯಲ್ಲಿ ‘ವಿದೇಶದಲ್ಲಿ ವಿಜಯಪತಾಕೆ’ ಎಂದು ಕೂಗುತ್ತಿದ್ದರು. ಮುಖ್ಯ ಅತಿಥಿಯ ಹೆಸರೂ ಆ ಮೈಕಿನಲ್ಲೇ ಚಿಕ್ಕಬೈರಪ್ಪನ ಕಿವಿಗೆ ಬಿತ್ತು. ಸೈಕಲ್ ಸಂಘದ ಕಾರ್ಯದರ್ಶಿ ಪಿಳ್ಳಣ್ಣ. ಬೆಲ್ಜಿಯಂಗೆ ಇವನ ಜೊತೆ ಮ್ಯಾನೇಜರ್ ಆಗಿ ಬಂದಿದ್ದವರು ಅವರೇ. ಮುಂದಿನ ವರ್ಷ ಯಾರನ್ನು ಕಳಿಸಬೇಕು ಅನ್ನುವುದೂ ಅವರ ಕೈಯಲ್ಲೇ. ಈ ಸುಳ್ಳನ್ನು ಇವನೇ ಹಬ್ಬಿಸಿದ ಅಂದುಕೊಂಡರೆ ಮುಗಿಯಿತು ಕತೆ.

ಬಾಯಿ ಕೂಡ ತೊಳೆಯದೆ ಗಂಗಾಧರಯ್ಯನವರ ಮನೆಗೆ ಓಡಿದ. ಅವರು ಜಗಲಿಯ ಮೇಲೆ ಕೂತು ಭಾಷಣ ಬರೆಯುತ್ತಿದ್ದರು.

“ಸಾರ್, ನಾನು ಗೆದ್ದಿಲ್ಲ. ನಾನು ಬಂದಿದ್ದು ಲಾಸ್ಟು.”

ಗಂಗಾಧರಯ್ಯನವರು ಪೆನ್ನು ಕೆಳಗಿಟ್ಟು ಅವನನ್ನೇ ನೋಡಿದರು. ಅವರ ಕಣ್ಣು ಒದ್ದೆಯಾಯಿತು. “ಇದು ಕಣಯ್ಯ ದೊಡ್ಡತನ ಅಂದ್ರೆ. ಇವತ್ತಿನ ಕಾಲದಲ್ಲಿ ಯಾರಿಗಿದೆ ಇಂಥ ವಿನಯ?” ಎಂದು, ಆ ಮಾತನ್ನೂ ಭಾಷಣಕ್ಕೆ ಸೇರಿಸಿಕೊಂಡರು.

ಚಿಕ್ಕಬೈರಪ್ಪನ ಪಿತ್ತ ನೆತ್ತಿಗೇರಿತು. ಹಾಗಾದರೆ ಆ ಪೊರಕೆ ಯಾಕೆ ಕಟ್ಟಿದ್ದಾರೆ ಹೇಳಿ ಸಾರ್, ಎಂದು ಕೇಳಿದ. ಉತ್ತರ ಕೊಟ್ಟಿದ್ದು ಮಜ್ಜಿಗೆ ಕಡ ತೆಗೆದುಕೊಳ್ಳಲು ಬಂದಿದ್ದ ರುದ್ರಮ್ಮ.

“ದೃಷ್ಟಿಗೆ ಕಣಪ್ಪ. ನಾವು ಹೊಸಾ ಮನೆ ಕಟ್ಟಿದ್ರೆ ಹಳೇ ಪೊರಕೆ, ಹರಿದ ಚಪ್ಪಲಿ ಕಟ್ಟಲ್ವಾ? ಅಲ್ಲೂ ಜನಾನೇ ತಾನೇ ಇರೋದು. ಅಷ್ಟು ಮುಂದೆ ಹೋಗೋ ಹುಡುಗನ ಮೇಲೆ ಕಣ್ಣು ಬೀಳಲ್ವಾ?”

ಪೊರಕೆಯ ನಿಜವಾದ ಅರ್ಥವನ್ನು ಅವನು ಬಿಡಿಸಿ ಬಿಡಿಸಿ ಹೇಳಿದ. ಸೋತವರನ್ನು ಯಾವ ದೇಶದಲ್ಲಾದರೂ ಗುಡಿಸಿ ಗಾಡಿಗೆ ತುಂಬುತ್ತಾರಾ, ಮಗು ಎಷ್ಟು ಸೊರಗಿ ಬಂದಿದೆ, ಏನೇನೋ ಬಡಬಡಿಸುತ್ತಿದೆ ಎಂದು ರುದ್ರಮ್ಮ ಅವನ ತಾಯಿಯನ್ನು ಕರೆಸಿದಳು. ನಾರಾಯಣಮ್ಮ ಬಂದವಳೇ ಎಲ್ಲರೆದುರು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಘಾಟು ಬರಲಿಲ್ಲ. ದೃಷ್ಟಿ ಆಗಿರುವುದು ಅಲ್ಲಿಗೆ ಖಾತ್ರಿಯಾಯಿತು.

ಮಾತಿನಲ್ಲಿ ಆಗದ್ದನ್ನು ಕೈಯಲ್ಲಿ ಮಾಡುತ್ತೇನೆಂದು ಚಿಕ್ಕಬೈರಪ್ಪ ಶಾಮಿಯಾನಾಕ್ಕೆ ನುಗ್ಗಿದ. ಅಲ್ಲಿ ಅವನ ಫೋಟೋವನ್ನು ಬಾಗಿಲಿನಷ್ಟು ದೊಡ್ಡ ಬೋರ್ಡಿನ ಮೇಲೆ ಬರೆಸಿ ನಿಲ್ಲಿಸಿದ್ದರು. ಪೊರಕೆಗೆ ಚಿನ್ನದ ಬಣ್ಣ ಹಚ್ಚಿದ್ದರು. ಏಣಿ ಹತ್ತಿ ಕಿತ್ತು ಹಾಕಲು ಎರಡೂ ಕೈಯಲ್ಲಿ ಅಪ್ಪಿ ಹಿಡಿದ. ಬಣ್ಣ ಇನ್ನೂ ಹಸಿಯಾಗಿತ್ತು. ಕೆಳಗೆ ನಿಂತವರು, ಹುಡುಗ ತನ್ನ ಚಿತ್ರ ನೋಡಿ ಆನಂದ ತಡೆಯಲಾರದೆ ತಬ್ಬಿಕೊಂಡಿದ್ದಾನೆ ಎಂದು ಚಪ್ಪಾಳೆ ತಟ್ಟಿದರು. ಇದ್ದ ಒಂದೇ ಒಳ್ಳೆ ಶರಟು ಹಾಳಾಯಿತು. ಬೋರ್ಡು ಅಲುಗಲಿಲ್ಲ.

ಸಂಜೆ ಮೆರವಣಿಗೆ ಹೊರಟಿತು. ಫೋಟೋದಲ್ಲಿ ಇದ್ದ ಹಾಗೇ ಇರಬೇಕೆಂದು ಗಂಗಾಧರಯ್ಯನವರು ಒಂದು ಜೀಪು ತರಿಸಿ, ಅದರ ಮೂತಿಗೆ ಹೊಸ ತೆಂಗಿನ ಪೊರಕೆ ಕಟ್ಟಿಸಿ, ಸೇವಂತಿಗೆ ಹಾರ ಹಾಕಿಸಿದ್ದರು. ಮುಂದೆ ಹಾಲಿನ ಸೈಕಲ್ಲಿನ ಮೇಲೆ ಚಿಕ್ಕಬೈರಪ್ಪ, ಹಿಂದೆ ಜೀಪು. ಯಾವ ಗಾಡಿಯಿಂದ ತಪ್ಪಿಸಿಕೊಳ್ಳಲು ಆರು ತಿಂಗಳು ರಕ್ತ ಬೆವರು ಸುರಿಸಿದ್ದನೋ ಅದು ಸಾರಕ್ಕಿಗೂ ಬಂದು ಬೆನ್ನು ಹತ್ತಿತ್ತು. ಅವನು ಹಲ್ಲು ಕಚ್ಚಿ ಜೋರಾಗಿ ತುಳಿದ. ಜೀಪೂ ಜೋರಾಗಿ ಬಂತು. ಹೆಂಗಸರು ಮೆಟ್ಟಿಲ ಮೇಲೆ ನಿಂತು ಆರತಿ ಎತ್ತಿದರು.

ವೇದಿಕೆ ಹತ್ತಿದವನೇ ಯಾರೂ ಕರೆಯುವ ಮೊದಲೇ ಮೈಕು ಕಸಿದುಕೊಂಡ. ತಾನು ಲಾಸ್ಟ್ ಬಂದದ್ದು, ಆದರೂ ರೇಸು ಮುಗಿಸಿದ್ದು, ಅದಕ್ಕಾಗಿ ತಾನು ಪಟ್ಟ ಪಾಡು, ಎಲ್ಲವನ್ನೂ ಗಂಟಲು ಹರಿಯುವ ಹಾಗೆ ಹೇಳಿದ. ಬೇಕಾದರೆ ಪಿಳ್ಳಣ್ಣನವರನ್ನೇ ಕೇಳಿ ಎಂದ. ಇಡೀ ಶಾಮಿಯಾನಾ ಎದ್ದು ನಿಂತು ಚಪ್ಪಾಳೆ ತಟ್ಟಿತು. ಇಂಥ ವಿನಯವನ್ನು ಸಾರಕ್ಕಿ ಕಂಡಿರಲಿಲ್ಲ.

ಪಿಳ್ಳಣ್ಣ ಎದ್ದರು. ಶಾಲು ಸರಿ ಮಾಡಿಕೊಂಡರು. ಬೋರ್ಡನ್ನು ಒಮ್ಮೆ, ಜನರನ್ನು ಒಮ್ಮೆ ನೋಡಿದರು. “ಈ ಹುಡುಗ ಎಷ್ಟು ಹೇಳಿದ್ರೂ ಒಪ್ಪಲ್ಲ,” ಎಂದು ನಕ್ಕರು. “ನಾನು ಕಣ್ಣಾರೆ ಕಂಡಿದ್ದೀನಿ. ಆ ಗಾಡೀಲಿ ಡ್ರೈವರ್ ಪಕ್ಕದಲ್ಲಿ ಕೂತಿದ್ದೋನು ನಾನೇ.”

ಆ ದಿನ ಪಿಳ್ಳಣ್ಣ ಬ್ರಸೆಲ್ಸ್‌ನ ಅಂಗಡಿಯಲ್ಲಿ ಟೂ ಇನ್ ಒನ್ ಟೇಪ್‌ರೆಕಾರ್ಡರ್ ಆರಿಸುತ್ತಿದ್ದರು. ಅದನ್ನು ವಿಮಾನದವರೆಗೆ ಹೊತ್ತು ತಂದವನು ಚಿಕ್ಕಬೈರಪ್ಪನೇ.

ಪಿಳ್ಳಣ್ಣ ಮುಂದುವರಿಸಿದರು. ಗೆದ್ದವನನ್ನೇ ಮತ್ತೆ ಮತ್ತೆ ಕಳಿಸುವುದು ನ್ಯಾಯವಲ್ಲ, ಮುಂದಿನ ವರ್ಷ ಬೇರೊಬ್ಬನಿಗೆ ಅವಕಾಶ, ಚಿಕ್ಕಬೈರಪ್ಪ ಇಲ್ಲೇ ಇದ್ದು ನಮ್ಮ ಮಕ್ಕಳಿಗೆ ಸ್ಫೂರ್ತಿಯಾಗಲಿ. ಮತ್ತೆ ಚಪ್ಪಾಳೆ.

ಅವರು ಕೆಳಗಿಳಿಯುತ್ತಿದ್ದಂತೆ ಚಿಕ್ಕಬೈರಪ್ಪ ತೋಳು ಹಿಡಿದು ನಿಲ್ಲಿಸಿದ. “ಸಾರ್, ನಾನು ಲಾಸ್ಟು. ನಿಮಗೆ ಗೊತ್ತು.”

“ಗೊತ್ತು ಕಣೋ,” ಎಂದರು ಪಿಳ್ಳಣ್ಣ ಮೆಲ್ಲಗೆ. “ಲಾಸ್ಟು ಅಂದ್ರೆ ನಿನ್ನನ್ನ ಯಾಕೆ ಕಳಿಸಬೇಕು ಅಂತಾರೆ, ನನ್ನನ್ನೂ ಯಾಕೆ ಕಳಿಸಬೇಕು ಅಂತಾರೆ. ಫಸ್ಟು ಅಂದ್ರೆ ನಾನಾದ್ರೂ ಹೋಗ್ತೀನಿ. ನೀನೇ ಯೋಚನೆ ಮಾಡು.”

ಆರು ತಿಂಗಳ ಆಲೂಗಡ್ಡೆ, ಎದುರುಗಾಳಿ, ಒಬ್ಬನೇ ಗೆರೆ ದಾಟಿದ ಆ ಸಂಜೆ, ಯಾವುದೂ ಯಾರಿಗೂ ಬೇಕಿರಲಿಲ್ಲ. ಚಿಕ್ಕಬೈರಪ್ಪ ತಿರುಗಿ ವೇದಿಕೆಗೆ ನೆಗೆದು ಮೈಕು ಹಿಡಿದ.

“ಆಯ್ತು. ಕೇಳಿ ಎಲ್ಲಾರೂ. ನಾನೇ ಫಸ್ಟು. ಆ ದೇಶದಲ್ಲೇ ನನ್ನಂಥೋನು ಇನ್ನೊಬ್ಬ ಇಲ್ಲ. ಈಗ ಸಮಾಧಾನಾನಾ?”

ಒಂದು ಚಪ್ಪಾಳೆಯೂ ಬೀಳಲಿಲ್ಲ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಂದಿನ ಸಾಲಿನಲ್ಲಿ ರುದ್ರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಾರಾಯಣಮ್ಮನ ಕಡೆ ಬಾಗಿದಳು.

“ಬೆಳಗ್ಗೆ ಚೆನ್ನಾಗೇ ಇದ್ನಲ್ಲೇ,” ಎಂದಳು. “ನೋಡ್ತಾ ನೋಡ್ತಾ ಎಷ್ಟು ಜಂಬ ಬಂದ್ಬಿಡ್ತು.”

ಗಂಗಾಧರಯ್ಯನವರು ಅವನ ಕೈಯಿಂದ ಮೈಕನ್ನು ತೆಗೆದುಕೊಂಡು, ಹುಡುಗರನ್ನು ಫಾರಿನ್ನಿಗೆ ಕಳಿಸುವ ಮೊದಲು ಇನ್ನು ಮುಂದೆ ಯೋಚಿಸಬೇಕು ಎಂದು ವಂದನಾರ್ಪಣೆ ಶುರುಮಾಡಿದರು.