ಕಾಕಾನ ಹಬೆ ಯಂತ್ರಕ್ಕೊಂದು ವಾಶರ್

ಮನೆಯಲ್ಲಿ ಯಾರು ಕೆಮ್ಮಿದರೂ ತಲೆ ಎತ್ತದ ನಮ್ಮ ಕಾಕಾ, ತನ್ನ ಹಬೆ ಯಂತ್ರ ಒಮ್ಮೆ ಕೆಮ್ಮಿತೆಂದರೆ ಊಟದ ತಾಟು ಬಿಟ್ಟು ಏಳುತ್ತಾನೆ! ಮೂಲೆಯಲ್ಲಿ ಕೂತು ಅದೇ ಕೆಮ್ಮನ್ನು ಅನುಕರಿಸಿ ನಾನೂ ಅವನನ್ನು ಊಟದಿಂದ ಎಬ್ಬಿಸಿದ್ದುಂಟು. ಗುಟ್ಟು ಬಯಲಾದ ದಿನ ತಾಟೇ ನನ್ನ ಕಡೆ ಹಾರಿ ಬಂತು. ಕಲಾವಿದನಿಗೆ ನಮ್ಮ ಮನೆಯಲ್ಲಿ ಸಿಗುವ ಮರ್ಯಾದೆ ಅಷ್ಟೇ.

ಮೂಡಲಗಿಯ ನಮ್ಮ ಮನೆಯ ಮುಂಭಾಗವೇ ಕಾಕಾನ ಹಿಟ್ಟಿನ ಗಿರಣಿ. ಅಲ್ಲಿ ಹಿಟ್ಟು ತೂಗಿ ಕೊಡುವವಳು ಅವನ ಹೆಂಡತಿ, ನಮ್ಮ ಕಾಕು. ಆ ಧೂಳಿಗೆ ಅವಳ ಮೂಗು ಕಟ್ಟುತ್ತದೆ. ಡಾಕ್ಟರರ ಗುಳಿಗೆಯ ಜೊತೆಗೆ ಹಬೆಯನ್ನೂ ಎಳೆದುಕೊಂಡರಷ್ಟೇ ಅವಳಿಗೆ ನಿದ್ದೆ. ಅದಕ್ಕೆಂದೇ ಟೇಬಲ್ಲಿನ ಮೇಲೆ ಈ ಹಳೆಯ ಯಂತ್ರ: ಹೊಟ್ಟೆ ದಪ್ಪ, ಕುತ್ತಿಗೆ ಗಿಡ್ಡ, ಬಣ್ಣ ಒಂದು ಕಾಲಕ್ಕೆ ಬಿಳಿ. ನಮ್ಮಪ್ಪನಿಗಿಂತ ಅದೇ ಕಾಕಾನ ಒಡಹುಟ್ಟಿನಂತೆ ಕಾಣುತ್ತದೆ!

ಒಮ್ಮೆ ನೀರು ಬೇಗ ಕಾಯಲಿಲ್ಲ. ಚಿಟಿಕೆ ಉಪ್ಪು ಹಾಕಿ ಎಂದು ಯಾರೋ ಹೇಳಿದರು. ಚಿಟಿಕೆ! ಚೀಲಗಟ್ಟಲೆ ಜೋಳ ಬೀಸುವ ಕೈಗೆ ಚಿಟಿಕೆಯೆಂದರೇನು ಗೊತ್ತು? ಕಾಕಾ ಮುಷ್ಟಿ ತುಂಬ ಸುರಿದ. ಯಂತ್ರ ಉಕ್ಕಿ ಟೇಬಲ್ಲೆಲ್ಲ ಹೊಳೆ.

"ಇನ್ನ ಒಗ್ಗರಣಿ ಅಷ್ಟ ಉಳೀತ ನೋಡ್ರಿ," ಎಂದಳು ಕಾಕು.

ಆಮೇಲೆ ಮುಚ್ಚಳದ ಕೆಳಗಿನ ರಬ್ಬರ್ ವಾಶರ್ ಹರಿಯಿತು. ಹಬೆ ಕಾಕುವಿನ ಮೂಗು ಬಿಟ್ಟು ಕಾಕಾನ ಚಸ್ಮಾಕ್ಕೆ ಬಡಿಯತೊಡಗಿತು. ಕಾಕಾ ಸೈಕಲ್ ಟ್ಯೂಬು ಕತ್ತರಿಸಿ ಕೂಡ್ರಿಸಿದ. ಕಾಕು ಟವಲ್ಲು ಹೊದ್ದು ಒಂದು ಉಸಿರೆಳೆದವಳೇ ಹೊರಗೆ ಬಂದಳು.

"ಯಾಕ್ರೀ, ನಾ ಪಂಕ್ಚರ್ ಆಗೇನೇನ್? ಬರೇ ಟ್ಯೂಬಿನ ವಾಸನಿ!"

ಸರಿ, ಹೊಸ ವಾಶರ್ ಹುಡುಕಿಕೊಂಡು ಗೋಕಾಕಕ್ಕೆ ಹೊರಟೆವು. ಬಸ್ಸಿನಲ್ಲಿ ಯಂತ್ರ ಒಡೆದೀತೆಂದು ಕಾಕಾ ಅದರ ಬದಲು ನನ್ನನ್ನು ಒಯ್ದ. ನಾನು ಒಡೆದರೆ ಚಿಂತೆಯಿಲ್ಲ! ಹರಿದ ವಾಶರ್ ಅವನ ಕಿಸೆಯಲ್ಲೇ ಇತ್ತು. ಆದರೆ ಅಂಗಡಿಯಲ್ಲಿ ಅದನ್ನಷ್ಟೇ ತೋರಿಸಿ ಸುಮ್ಮನಾದರೆ ಅವನು ನಮ್ಮ ಕಾಕಾನೇ ಅಲ್ಲ.

"ತಮ್ಮಾ, ನಮ್ಮ ಮಶೀನು ಹೆಂಗ ಒದರತೈತಿ, ಸಾವಕಾರ್ರಿಗೆ ಮಾಡಿ ತೋರ್ಸು."

ನಾನು ಗಲ್ಲ ಉಬ್ಬಿಸಿ, ಕಣ್ಣು ತೇಲಿಸಿ, "ಗುರ್ರ್... ಗುಳುಗುಳು... ಪುಸ್ಸ್!" ಎಂದೆ. ಅಂಗಡಿಯವರು ಹಿಂದೆ ಸರಿದರು.

"ಮೊದಲ ಹುಡುಗನ್ನ ದವಾಖಾನಿಗೆ ತೋರಸ್ರಿ. ಆ ಮಾಡೆಲ್ಲಿನ ಸಾಮಾನು ಈಗ ಬರಂಗಿಲ್ರಿ, ಹೊಸಾದು ಒಯ್ರಿ."

ಹೊಸದನ್ನೇ ತಂದೆವು. ಅದೋ, ಸ್ವಿಚ್ಚು ಹಾಕುವುದರೊಳಗೆ ಹಬೆಯನ್ನು ಮುಖಕ್ಕೆ ರಾಚಿತು. ಕಾಕು ಟವಲ್ಲು ಬಿಸಾಡಿದಳು. "ಇದು ಹಬಿ ಕೊಡಾಕತ್ತಿಲ್ಲ, ಜಗಳ ತಗ್ಯಾಕತ್ತೈತಿ!"

ಎಲ್ಲರೂ ನಕ್ಕೆವು. ಆದರೆ ಅಂದು ರಾತ್ರಿಯಿಡೀ ಅವಳು ಗೋಡೆಗೊರಗಿ, ಬಾಯಿಯಿಂದ ಉಸಿರೆಳೆಯುತ್ತ ಕೂತೇ ಬೆಳಗು ಮಾಡಿದಳು. ಮುಂಜಾನೆ ಕಾಕಾ ಚಹಾ ಕೂಡ ಕುಡಿಯದೆ ನನ್ನನ್ನು ಎಳೆದುಕೊಂಡು, ವಾಶರ್ ಅಲ್ಲಾದರೂ ಸಿಕ್ಕೀತೆಂದು ಹುಕ್ಕೇರಿಯ ಬಸ್ಸು ಹತ್ತಿದ.

ಬಸ್ ಸ್ಟ್ಯಾಂಡಿನಲ್ಲಿ ಇಳಿದವನೇ, ಚಹಾ ಮಾರುವವನ ದೊಡ್ಡ ಥರ್ಮಾಸಿನ ಮುಚ್ಚಳ ಕಸಿದುಕೊಂಡು, ಅದರ ರಬ್ಬರಿಗೆ ಮೂಗು ಹಚ್ಚಿ ಕಣ್ಣು ಮುಚ್ಚಿದ.

"ಯಪ್ಪಾ, ಚಹಾ ಕಪ್ಪಿನ್ಯಾಗ ಐತ್ರಿ! ಅಲ್ಲೇನ್ ಮೂಸಾಕತ್ತೀರಿ?"

"ವಾಸನೀನ ಇಲ್ಲೋ! ಇಂಥಾದ್ದು ಎಲ್ಲಿ ಸಿಗತೈತಿ?"

ಅವನು ಪಾತ್ರೆ ಅಂಗಡಿಯೊಂದರ ಕಡೆ ಬೆರಳು ತೋರಿಸಿದ. ಅಲ್ಲಿ ಕಾಕಾ ಹರಿದ ವಾಶರಿನೊಂದಿಗೆ ಹೊಂದಿಸಿ ಹೊಂದಿಸಿ, ಮೂಸಿ ಮೂಸಿ, ಕೊನೆಗೊಂದನ್ನು ಆರಿಸಿದ.

"ಹೆಣ್ಣ ನೋಡಾಕ ಹೋದಾಗೂ ಇಷ್ಟ ಹೊತ್ತ ಹಿಡೀಲಿಲ್ಲೋ," ಎಂದು ಬೆವರು ಒರೆಸಿಕೊಂಡ.

ಮಧ್ಯಾಹ್ನ ಹಳೆಯ ಯಂತ್ರ ಗುಳುಗುಳು ಎಂದಿತು. ಹಬೆ ಮೆತ್ತಗೆ, ನೆಟ್ಟಗೆ ಏರಿತು. ಕಾಕು ಸ್ವಲ್ಪ ಹೊತ್ತು ಟವಲ್ಲಿನೊಳಗಿದ್ದು, ಫ್ಯಾನಿನ ಕೆಳಗೆ ಚಾಪೆಯ ಮೇಲೆ ಅಡ್ಡಾದವಳು ಹಾಗೇ ನಿದ್ದೆಹೋದಳು. ಬಾಯಿ ಮುಚ್ಚಿತ್ತು, ಉಸಿರು ಮೂಗಿನಿಂದ! ಯಂತ್ರವನ್ನು ಹೊಗಳಲು ನಾನು ಬಾಯಿ ತೆರೆದೆ. ಕಾಕಾ ಅಂಗೈ ಅಡ್ಡ ಹಿಡಿದ.

ಅಷ್ಟರಲ್ಲಿ ಗಿರಣಿಯ ಬಾಗಿಲಿಗೆ ನಮ್ಮ ಓಣಿಯ ಬಸಣ್ಣ ಜೋಳದ ಡಬ್ಬಿ ಹೊತ್ತು ಬಂದ. ಗಿರಣಿ ಶುರುವಾಯಿತೆಂದರೆ ನಮ್ಮ ಮನೆಯ ಗೋಡೆಗಳಿಗೂ ಎಚ್ಚರವಾಗುತ್ತದೆ. ಕಾಕಾ ತುದಿಗಾಲಲ್ಲಿ ಹೋಗಿ ಅವನಿಗೆ ಅಡ್ಡ ನಿಂತ.

"ಕರೆಂಟಿಲ್ರೀ ಬಸಣ್ಣಾರ," ಎಂದ, ಪಿಸುಮಾತಿನಲ್ಲಿ.

ಬಸಣ್ಣ ಒಳಗೆ ಗರಗರ ತಿರುಗುತ್ತಿದ್ದ ಫ್ಯಾನು ನೋಡಿದ. ಅದರ ಕೆಳಗೆ ಮಲಗಿದ್ದ ಕಾಕುವನ್ನು ನೋಡಿದ. ತಲೆಯ ಮೇಲಿನ ಡಬ್ಬಿಯನ್ನು ಸಪ್ಪಳವಾಗದಂತೆ ಕಟ್ಟೆಯ ಮೇಲಿಟ್ಟ.

"ಹೌದ್ರಿ," ಎಂದ ಅಷ್ಟೇ ಮೆಲ್ಲಗೆ, "ನಮ್ಮ ಮನ್ಯಾಗೂ ಇಲ್ಲ."