ಬಾಯಿ ಬಿಡದ ಪ್ರಿಂಟರು

ತೀರಿಕೊಂಡ ಗುಮಾಸ್ತ ವೆಂಕಣ್ಣನ ದಿನಕರ್ಮ ಮುಗಿದ ಮರುದಿನ ರಾಯಚೂರಿನ ಆ ಹತ್ತಿ ಮಿಲ್ಲಿನ ಆಫೀಸು ಎಂದಿನಂತೆ ತೆರೆಯಿತು. ಕಂಪ್ಯೂಟರೂ ಎಂದಿನಂತೆ ಕಣ್ಣು ಬಿಟ್ಟಿತು. ಪಕ್ಕದ ಪ್ರಿಂಟರು ಮಾತ್ರ, ತನಗಿನ್ನೂ ಸೂತಕ ಕಳೆದಿಲ್ಲ ಎನ್ನುವಂತೆ, ಬಾಯಿ ಬಿಡಲಿಲ್ಲ.

ಆಗಿನ್ನೂ ಊರಿನಲ್ಲಿ ಕಂಪ್ಯೂಟರೆಂದರೆ ಚಪ್ಪಲಿ ಬಿಟ್ಟು ನೋಡುವ ವಸ್ತು. ಲತೀಫಾ ಟೈಪು ಮಾಡುತ್ತಿದ್ದಳು. ಅಚ್ಚು ಹಾಕುವಾಗ ವೆಂಕಣ್ಣ ಅವಳನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿಕೊಳ್ಳುತ್ತಿದ್ದ.

“ಸಂಜಿ ಲಾರಿ ಹೊರಡೂದ್ರಾಗ ಮಾಲಿನ ಪಟ್ಟಿ ಬರಬೇಕು,” ಎಂದರು ಮಾಲೀಕ ಬಂದೇನವಾಜ್ ಸೇಠ್ ಅವಳಿಗೆ. “ಬರಲಿಲ್ಲಂದ್ರ ಮಶಿನ್ ಹೈದರಾಬಾದಿಗೆ ವಾಪಸ್, ನೀನು ನಿಮ್ಮೂರು ಮಾನ್ವಿಗೆ ವಾಪಸ್.”

ಲತೀಫಾ ಪ್ರಿಂಟರಿನ ಬೆನ್ನು ನೋಡಿದಳು. ಅಲ್ಲೊಂದು ಅಗಲ ಬಾಯಿ, ಕಂಪ್ಯೂಟರಿನ ಬೆನ್ನಿಗೂ ಒಂದು. ನಡುವೆ ಏನೂ ಇರಲಿಲ್ಲ.

“ಇಲ್ಲೇನರ ವೈರ್ ಇರಬೇಕಲ್ಲ, ಚಾಚಾ?”

ಗೋಡೆಯಾಚೆಯ ಅಕ್ಕಿ ಮಿಲ್ಲಿನ ಸತ್ತಾರ್ ಸಾಬ್ ಆಗಲೇ ಕುರ್ಚಿ ಎಳೆದುಕೊಂಡು ಕೂತಿದ್ದರು. “ವೈರಿನ ಮಾತು ಬಿಡು ಬೇಟಿ. ನಮ್ಮ ಪ್ರಿಂಟರೂ ಆರು ತಿಂಗಳಿಂದ ಮೂಗ. ವೆಂಕಣ್ಣನೇ ನೋಡಿ ಹೇಳಿದ್ದ, ರಾಯಚೂರು ಬಿಸಲು ಒಗ್ಗಿಲ್ಲ ಅಂತ.”

ಕಾವಲುಗಾರ ದುರುಗಪ್ಪ ಹಳೆಯ ಮೈಕಿನ ವೈರು ತಂದ. ಆನೆಯ ಬಾಯಿಗೆ ಕಡ್ಡಿ ಇಟ್ಟಂತಾಯಿತು. ಸತ್ತಾರ್ ಸಾಬ್ ಬೆಂಕಿಕಡ್ಡಿಯಿಂದ ಹಿಂದಿನ ಪುಟಾಣಿ ಸ್ವಿಚ್ಚುಗಳನ್ನೆಲ್ಲ ಮೇಲೆ ಕೆಳಗೆ ಮಾಡಿದರು. ಕೊನೆಗೆ ದುರುಗಪ್ಪ ವಿಭೂತಿ ಹಚ್ಚಲು ಬಗ್ಗಿದ. ಅವನ ಮೊಣಕೈ ಯಾವುದೋ ಗುಂಡಿಯನ್ನು ಒತ್ತಿದ ಗಳಿಗೆಗೇ ಲತೀಫಾ ಕರೆಂಟು ಹಾಕಿದಳು. ಪ್ರಿಂಟರು ಕರಕರ ಒದರತೊಡಗಿತು.

“ಬಾಯಿ ಬಂತು ನೋಡು ಯವ್ವಾ,” ಎಂದು ದುರುಗಪ್ಪ ಸಕ್ಕರೆ ಹಂಚಿದ.

ಸೇಠರು ಹಾಳೆ ಹರಿದು ಓದಿದರು. ಎಬಿಸಿಡಿಯಿಂದ ಝಡ್‌ವರೆಗೆ, ಮತ್ತೆ ಎಬಿಸಿಡಿ. ಯಂತ್ರ ತನ್ನ ಆರೋಗ್ಯವನ್ನು ತಾನೇ ಪರೀಕ್ಷಿಸಿಕೊಂಡಿತ್ತು, ಅಷ್ಟೆ.

“ಲಾರಿ ಡ್ರೈವರಿಗೆ ಅಕ್ಷರ ಕಲಿಸೋದದ ಏನು?” ಎಂದು ಸೇಠರು ಒಳಕೋಣೆಗೆ ಹೋದರು.

ಸಂಜೆ ಲಾರಿ ಹಾರನ್ ಹೊಡೆಯುತ್ತಿರುವಾಗ ವೆಂಕಣ್ಣನ ಹೆಂಡತಿ ವೆಂಕಮ್ಮ ಬಂದಳು. ಕೈಯಲ್ಲಿ ಗಂಡನ ಬುತ್ತಿಚೀಲ. ಒಳಗಿನಿಂದ ತೆಗೆದದ್ದು, ಎರಡೂ ತುದಿಗೆ ಅಗಲ ಮೂತಿಯ ದಪ್ಪ ವೈರು.

“ಇದನ್ನ ದಿನಾ ಬುತ್ತಿ ಜೋಡಿ ಒಯ್ತಿದ್ರು, ತರ್ತಿದ್ರು.”

ಲತೀಫಾ ಎರಡೂ ಕೈ ಚಾಚಿದಳು. “ನನ್ನ ನೌಕರಿ ಉಳಿಸಿದ್ರಿ, ಅಕ್ಕಾ.”

“ನಿಮಗಲ್ಲವ್ವಾ.” ವೆಂಕಮ್ಮ ಅದನ್ನು ಸತ್ತಾರ್ ಸಾಬರ ಕೈಗಿಟ್ಟಳು. “ಇದು ನಿಮ್ಮದಂತ್ರೀ. ಒಂದು ದಿನಕ್ಕಂತ ಇಸ್ಕೊಂಡಿದ್ರಂತ. ಮುಟ್ಟಿಸು ಅಂತ ಹೇಳಿ ಕಣ್ಣು ಮುಚ್ಚಿದ್ರು.”

ಸತ್ತಾರ್ ಸಾಬ್ ವೈರನ್ನು ತಿರುವಿ ತಿರುವಿ ನೋಡಿದರು. “ಕೆಲಸಕ್ಕ ಬಾರದ ಹಗ್ಗ ಅಂತ ನಾನ ಕೊಟ್ಟಿದ್ದೆ.”

“ಒಂದ ಒಂದು ಹಾಳಿ ತೆಗೆದು ಕೊಟ್ಟುಬಿಡ್ತೀನಿ, ಚಾಚಾ.”

“ಅವನೂ ಒಂದ ದಿನ ಅಂದಿದ್ದ, ಬೇಟಿ.” ಅವರು ಆಗಲೇ ಹೊಸ್ತಿಲು ದಾಟಿದ್ದರು.

ಸ್ವಲ್ಪ ಹೊತ್ತಿಗೆ ಗೋಡೆಯಾಚೆ ಕರಕರ ಶುರುವಾಯಿತು. ಒಳಕೋಣೆಯಿಂದ ಸೇಠರ ಹಿಗ್ಗಿದ ದನಿ ಕೇಳಿತು:

“ಶಾಭಾಷ್ ಲತೀಫಾ, ಕೇಳಿಸ್ತು. ಪಟ್ಟಿ ತಗೊಂಡು ಬಾ.”