ಬೆಟ್ಟಿಯ ಖಲಾಸ್ ಕಟಿಂಗ್

ಕೊರೊನಾ ಕಾಲದಲ್ಲಿ ಸಲೂನುಗಳೆಲ್ಲ ಮುಚ್ಚಿದ್ದಾಗ ನನ್ನ ಹೆಂಡತಿ ಹರಿಣಾಕ್ಷಿ ನನ್ನ ತಲೆಯ ಮೇಲೆಯೇ ಕ್ಷೌರವಿದ್ಯೆ ಕಲಿತಳು. ಆ ವಿದ್ಯೆ ನನ್ನ ತಲೆಗೇ ಮುಗಿದಿದ್ದರೆ ಇವತ್ತು ಈ ಗೋಳು ಹೇಳಿಕೊಳ್ಳುವ ಗತಿ ನನಗೆ ಬರುತ್ತಿರಲಿಲ್ಲ.

ಜೂನ್‌ನಲ್ಲಿ ಊರಲ್ಲಿ ಅವಳ ತಂಗಿ ಸುಪ್ರೀತಾಳ ಮದುವೆ. ರಜೆ ಕೊಡಬೇಕಾದವರು ಇಲ್ಲಿ ಕುವೈತಿನಲ್ಲಿ ನನಗೆ ಕೆಲಸ ಕೊಟ್ಟ ಯಜಮಾನ ಉಮರ್ ಸಾಹೇಬರು. ಕೇಳಿದಾಗಲೆಲ್ಲ "ಬುಕ್ರಾ, ಬುಕ್ರಾ" ಎನ್ನುತ್ತಿದ್ದರು. (ಬುಕ್ರಾ ಎಂದರೆ ನಾಳೆ. ಆ ನಾಳೆ ಕುವೈತಿನ ಕ್ಯಾಲೆಂಡರಿನಲ್ಲಿ ಇಲ್ಲ.)

ಒಂದು ದಿನ ಸಾಹೇಬರ ಮನೆಯ ಊಟಕ್ಕೆ ಹೋದೆವು. ಅವರು ದುಃಖದಲ್ಲಿದ್ದರು. ಪೇಟೆಯಿಂದ ದೂರದ ವಫ್ರಾದ ತೋಟದಲ್ಲಿ ಅವರು ಸಾಕಿದ ಲಾಮಾ (ಒಂಟೆಯ ದಾಯಾದಿ ಪ್ರಾಣಿ), ಹೆಸರು ಬೆಟ್ಟಿ, ಉಣ್ಣೆ ಹೊತ್ತು ಸೆಕೆಗೆ ಏದುಸಿರು ಬಿಡುತ್ತಿದೆಯಂತೆ, ಮೇವು ಮುಟ್ಟುತ್ತಿಲ್ಲವಂತೆ. ಉಣ್ಣೆ ಕತ್ತರಿಸುವವನು ಊರಿಗೆ ಹೋಗಿದ್ದಾನಂತೆ.

"ಅದಕ್ಕೆಂತ ಸರ್? ನಾವು ಇಲ್ವಾ!" ಎಂದುಬಿಟ್ಟಳು ಹರಿಣಾಕ್ಷಿ.

ಸಾಹೇಬರ ಮುಖ ಅರಳಿತು. "ಬೆಟ್ಟಿ ಕಟಿಂಗ್, ರೋಹಿದಾಸ್ ಛುಟ್ಟಿ!" (ರೋಹಿದಾಸ್ ಎಂದರೆ ನಾನು, ಛುಟ್ಟಿ ಎಂದರೆ ರಜೆ.)

ಶುಕ್ರವಾರ ತೋಟಕ್ಕೆ ಹೋದೆವು. ಕುರಿಯ ಉಣ್ಣೆ, ಒಂಟೆಯ ಗತ್ತು, ನನ್ನ ಅತ್ತೆಯವರ ನೋಟ: ಅದೇ ಬೆಟ್ಟಿ. ನಾನು ಕುತ್ತಿಗೆ ಹಿಡಿದೆ, ಅವಳು ಟ್ರಿಮ್ಮರ್ ಹಿಡಿದಳು. ಶುಭಾರಂಭಕ್ಕೆ ಬೆಟ್ಟಿ ನನ್ನ ಮುಖಕ್ಕೆ ಉಗುಳಿತು. ಸಾಹೇಬರು ಎಸಿ ಹಾಕಿದ ಕಾರಿನಲ್ಲಿ ಕುಳಿತು ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಕಿಟಕಿ ಇಳಿಸಿ ಕೂಗಿದರು: "ಖಲಾಸ್! ಖಲಾಸ್!"

"ನಿಲ್ಲಿಸು ಮಾರಾಯ್ತಿ, ಸಾಕಂತೆ."

"ಸಾಕು ಅಂತ ಎಲ್ಲಿ ಹೇಳಿದ್ರು? ಖಲಾಸ್ ಮಾಡಿ ಅಂತಿದ್ದಾರೆ!"

"ಅರಬ್ಬಿಯಲ್ಲಿ ಖಲಾಸ್ ಅಂದ್ರೆ..."

"ನನಗೆ ಕಲಿಸ್ಬೇಡಿ. ಅರ್ಧ ಬೋಳಿಸಿದ್ರೆ ರಜೆಯೂ ಅರ್ಧವೇ. ಗಟ್ಟಿ ಹಿಡ್ಕೊಳ್ಳಿ!"

ತಪ್ಪು ಅವಳದೊಂದೇ ಅಲ್ಲ. ನಮ್ಮ ಮನೆಯಲ್ಲಿ ದಿನಾ ರಾತ್ರಿ ಪಾತ್ರೆಯ ತಳದ ಸಾರನ್ನು ನನ್ನ ತಟ್ಟೆಗೆ ಸುರಿದು "ಇಷ್ಟೇ ಉಂಟು, ಖಲಾಸ್ ಮಾಡಿ" ಎನ್ನುವುದು ವಾಡಿಕೆ. (ನನ್ನ ಹೊಟ್ಟೆಯೇ ಸಾಕ್ಷಿ.) ಸಾಹೇಬರು ಖಲಾಸ್ ಎಂದಷ್ಟೂ ಇವಳ ಟ್ರಿಮ್ಮರ್ ಓಡಿತು. ಕೊನೆಗೆ ಬೆಟ್ಟಿ ಕೋಳಿ ಅಂಗಡಿಯಲ್ಲಿ ತೂಗುಹಾಕಿದ ಬ್ರಾಯ್ಲರ್‌ನಂತೆ ನಿಂತಿತ್ತು.

ಸಾಹೇಬರು ತಲೆ ಮೇಲೆ ಕೈ ಹೊತ್ತು ಓಡಿ ಬಂದರು. ಎರಡು ಬೆರಳಷ್ಟು ಉಣ್ಣೆ ಮೈಮೇಲೆ ಬಿಡಬೇಕಿತ್ತಂತೆ. ಇಲ್ಲದಿದ್ದರೆ ಬಿಸಿಲಿಗೆ ಚರ್ಮವೇ ಸುಟ್ಟುಹೋಗುತ್ತದಂತೆ.

"ಸಾರ್, ನನ್ನ ರಜೆ?" ಎಂದೆ, ಬೇರೆ ಮಾತು ತೋಚದೆ.

"ಛುಟ್ಟಿ ಖಲಾಸ್!"

ಹರಿಣಾಕ್ಷಿ ಸಂತೋಷದಿಂದ ನನ್ನ ತೋಳು ಚಿವುಟಿದಳು. "ಕೇಳಿದ್ರಾ? ರಜೆಯ ಕೆಲಸ ಆಯ್ತು!"

ರಜೆ ರದ್ದು ಎಂದು ಅರ್ಥ ಬಿಡಿಸಿ ಹೇಳುವಷ್ಟರಲ್ಲಿ ಅವಳ ಸೂಟ್‌ಕೇಸ್ ತುಂಬಿತ್ತು. ಒಬ್ಬಳೇ ವಿಮಾನ ಹತ್ತಿದಳು. ಉಣ್ಣೆ ಬೆಳೆಯುವ ತನಕ ಬೆಟ್ಟಿಯ ಆರೈಕೆ ನನ್ನದೇ ಎಂದು ಸಾಹೇಬರ ಆಜ್ಞೆ.

ನಿನ್ನೆ ಮದುವೆ ಮಂಟಪದಿಂದ ವಿಡಿಯೋ ಕಾಲ್ ಬಂತು. ರೇಷ್ಮೆ ಸೀರೆ, ಮಲ್ಲಿಗೆ, ಹಿಂದೆ ವಾಲಗ. ನಾನು ತೋಟದಲ್ಲಿ ಬೆಟ್ಟಿಯ ಬೆನ್ನಿಗೆ ಕ್ರೀಮ್ ತಿಕ್ಕುತ್ತಿದ್ದೆ. ಅವಳ ಕಣ್ಣು ನೇರ ಟ್ಯೂಬಿನ ಮೇಲೆ ಬಿತ್ತು.

"ಅಯ್ಯೋ, ಅದು ನನ್ನ ಸನ್‌ಸ್ಕ್ರೀನ್ ಅಲ್ವಾ? ಸ್ವಲ್ಪ ಸ್ವಲ್ಪ ಹಚ್ಚಿ ಮಾರಾಯ್ರೆ, ಎಲ್ಲ ಖಲಾಸ್ ಮಾಡ್ಬೇಡಿ!"

ಆ ಶಬ್ದ ಕಿವಿಗೆ ಬಿದ್ದದ್ದೇ ತಡ, ಬೆಟ್ಟಿ ಕತ್ತು ತಿರುಗಿಸಿ ನನ್ನ ಮುಖಕ್ಕೆ ಉಗುಳಿತು.